ಹಳೇ ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಮುಂಚೆ

ಚಿ. ಪುಟ್ಟುವಿಗೆ,

ಮಂಡ್ಯದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಕುವೆಂಪುನಗರದಲ್ಲಿ ನೋಡಿಬಂದ ಕಂಪ್ಯೂಟರಿನ ಫೋಟೋ ತಲುಪಿತು. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, ಬೆಲೆ 32 ಸಾವಿರ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅಂತ ನಿಮ್ಮಮ್ಮ ಹೇಳಿದಳು. ಅದಕ್ಕೇ ಈ ಕಾಗದ.

ಮುಡುಕುತೊರೆ ಜಾತ್ರೆಯಲ್ಲಿ ನಿಮ್ಮ ತಾತ ಎತ್ತಿನ ಕೊಂಬಿಗೆ ಬಳಿದ ಬಣ್ಣ ನೋಡುತ್ತಿರಲಿಲ್ಲ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಐ7 ಅನ್ನೋದು ಕೊಂಬಿನ ಬಣ್ಣ, ಅದರ ಮುಂದಿನ ನಂಬರೇ ಹಲ್ಲು. 4770 ಅಂತಿದ್ದರೆ ಅದು 2013ರ ಮಾಲು. 2022ರ ಐ3-12100 ಕೂಡ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 11ಗೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಾದರೂ ಬೇಕು, 4770 ನಾಲ್ಕನೆಯದು. ವಿಂಡೋಸ್ 10ಗೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್‌ಗೇ ನಿಂತಿದೆ. ರ‍್ಯಾಮ್ ಡಿಡಿಆರ್3 ಆಗಿದ್ದರೆ ಮುಂದೆ ಹೊಸ ಮದರ್‌ಬೋರ್ಡಿಗೆ ಅದೂ ಬರಲ್ಲ.

1060ರಲ್ಲಿ 3 ಜಿಬಿಯದು, 6 ಜಿಬಿಯದು ಅಂತ ಎರಡಿವೆ. ಬರೀ ಮೆಮೊರಿಯ ವ್ಯತ್ಯಾಸ ಅಂದುಕೊಳ್ಳಬೇಡ, 3 ಜಿಬಿಯದರಲ್ಲಿ ಲೆಕ್ಕ ಮಾಡುವ ಕೋರ್‌ಗಳೇ ಕಮ್ಮಿ: 1280ರ ಬದಲು 1152. ಯಾವುದು ಅಂತ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡು, ಬಾಯಿಮಾತು ನಂಬಬೇಡ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡುಗಳಿಂದ ಆ ಡಿಜಿಟಲ್ ನಾಣ್ಯ ದುಡಿಯೋದು, ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಬೇಕಾದಷ್ಟು ಮಾರಾಟಕ್ಕೆ ಬಂದವು. ದುಡಿದ ಕಾರ್ಡೆಲ್ಲ ಕೆಟ್ಟಿರುತ್ತದೆ ಅಂತಲ್ಲ, ಫ್ಯಾನು ಸವೆದಿರುತ್ತದೆ. ಕರೆಂಟ್ ತೆಗೆದು ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸು, ಲಟಲಟ ಅಂದರೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಪವರ್ ಸಪ್ಲೈ, ಒಳಗೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬ. ನಾನು ಮೊದಲ ಸಲ ಹಳೇ ಸಿಸ್ಟಂ ತಂದಾಗ ಅದನ್ನು ನೋಡಲೇ ಇಲ್ಲ. ಡಬ್ಬದ ಮೇಲೆ ಕಂಪನಿ ಹೆಸರಿರಲಿಲ್ಲ, ಕೈಗೆತ್ತಿಕೊಂಡರೆ ಖಾಲಿ ಟಿಫಿನ್ ಡಬ್ಬಿಯ ಹಾಗೆ ಹಗುರ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಚಟ್ ಅಂದಿತು, ಸುಟ್ಟ ವಾಸನೆ ಬಂತು. ಮದರ್‌ಬೋರ್ಡು, ಹಾರ್ಡ್ ಡಿಸ್ಕು ಎರಡೂ ಹೋದವು. ನಿಮ್ಮತ್ತೆಯ ಹೆರಿಗೆ ಹೊತ್ತಿನ ಫೋಟೋಗಳೆಲ್ಲ ಅದರಲ್ಲಿದ್ದವು. ಅದಕ್ಕೇ ಹೇಳುತ್ತೇನೆ, ಹೆಸರಿಲ್ಲದ ಪವರ್ ಸಪ್ಲೈ ಇದ್ದರೆ ಹೊಸದರ ಬೆಲೆಯನ್ನು ಕಳೆದೇ ಮಾತಾಡು.

ನೀನು ಹೋಗುವ ಹೊತ್ತಿಗೆ ಮಾರುವವರು ಆನ್ ಮಾಡಿಟ್ಟಿರಬಾರದು, ತಣ್ಣಗಿರುವಾಗ ಆನ್ ಆಗುತ್ತಾ ಅಂತ ನೋಡಬೇಕು. ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ನೋಡು, ಬೆಚ್ಚಗಿದ್ದರೆ ಆರುವವರೆಗೆ ಕಾಯಿ. ಆಮೇಲೆ ಕಾರ್ಡಿಗೆ ಪೂರ್ತಿ ಹೊರೆ ಹಾಕಿ ನೋಡುವ ಸಾಫ್ಟ್‌ವೇರ್ ಫರ್‌ಮಾರ್ಕ್ ಇಪ್ಪತ್ತು ನಿಮಿಷ ಓಡಿಸು. ಕಾರ್ಡಿನ ಬಿಸಿ 80 ಡಿಗ್ರಿ ಆಸುಪಾಸಿನಲ್ಲೇ ನಿಂತರೆ ಸರಿ. ತೆರೆ ಮೇಲೆ ಚುಕ್ಕೆ, ಗೆರೆ ಬಂದರೆ ಎದ್ದು ಬಾ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತಲೂ ಸಿಗುತ್ತದೆ. ಓಡಿಸಿ ತೋರಿಸಲ್ಲ ಅನ್ನುವವರ ಹತ್ತಿರ ವ್ಯಾಪಾರವೇ ಬೇಡ.

4770, 3 ಜಿಬಿ ಕಾರ್ಡು ಅಂತಾದರೆ 32 ಸಾವಿರಕ್ಕೆ ಬೇಡವೇ ಬೇಡ. ಭಾನುವಾರದವರೆಗೆ ತಡೆ, ಬೆಳಗಿನ ಟ್ರೈನಿಗೆ ನಾನೇ ಬರುತ್ತೇನೆ. ಟಾರ್ಚು, ಸ್ಕ್ರೂಡ್ರೈವರು ತರುತ್ತೇನೆ. ಅಲ್ಲಿವರೆಗೆ ಒಂದು ರೂಪಾಯಿಯನ್ನೂ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ಮಾವ