ನಕ್ಷೆಯಲ್ಲಿ ಒಡೆದ ಕನ್ನಡ ಹೆಸರುಗಳು, ತಪ್ಪಿದ ಪಿನ್‌ಗಳ ಬಗ್ಗೆ ದೂರು

ಇವರಿಂದ,
ಮಾಲೀಕರು, ಪ್ರವಾಸಿ ಟ್ಯಾಕ್ಸಿ ಸೇವೆ, ಬೀದರ್

ಇವರಿಗೆ,
ವ್ಯವಸ್ಥಾಪಕರು, ವೆಬ್ ನಕ್ಷೆ ವಿನ್ಯಾಸ ವಿಭಾಗ

ವಿಷಯ: ನಮ್ಮ ವೆಬ್‌ಸೈಟಿಗೆ ಮಾಡಿಕೊಟ್ಟ ನಕ್ಷೆಯನ್ನು ಸರಿಪಡಿಸಿಕೊಡುವ ಕುರಿತು

ಮಾನ್ಯರೇ,

ನೀವು ಮಾಡಿಕೊಟ್ಟ ಬೀದರ್ ಜಿಲ್ಲೆಯ ನಕ್ಷೆ ಇಂಗ್ಲಿಷಿನಲ್ಲಿ ಚೆಂದವಾಗಿಯೇ ಇದೆ. ಕನ್ನಡ ಒತ್ತಿದ ಕೂಡಲೇ ಕೆಡುತ್ತದೆ. ಭಾಲ್ಕಿ ‘ಭಾಲ್‌ಕಿ’ ಆಗಿದೆ, ಚಿಟಗುಪ್ಪ ‘ಚಿಟಗುಪ್‌ಪ’, ಬಸವಕಲ್ಯಾಣ ‘ಬಸವಕಲ್‌ಯಾಣ’. ಗುಡಿಸು, ಕೊಂಬುಗಳೂ ಅಕ್ಷರ ಬಿಟ್ಟು ಅತ್ತಿತ್ತ ಸರಿದಿವೆ. ಅದೇ ಪುಟದಲ್ಲಿ, ನಕ್ಷೆಯ ಕೆಳಗಿನ ದರಪಟ್ಟಿಯಲ್ಲಿ ಇವೇ ಹೆಸರುಗಳು ಸರಿಯಾಗಿ ಕಾಣುತ್ತವೆ.

ಫೋನ್ ಮಾಡಿದಾಗ ನಿಮ್ಮವರು ‘ಫಾಂಟ್ ಪ್ರಾಬ್ಲಮ್ ಸರ್, ಬೇರೆ ಹಾಕ್ತೀವಿ’ ಅಂದರು. ಫಾಂಟ್ ಬದಲಾಯಿತು, ಒತ್ತಕ್ಷರ ಕೂಡಲಿಲ್ಲ. ಹಾಗೆ ಕೂಡುವುದೂ ಇಲ್ಲ. ನೀವು ಹಾಕಿರುವ ನಕ್ಷೆ ಲೈಬ್ರರಿ (ನಕ್ಷೆ ಬಿಡಿಸುವ ಸಿದ್ಧ ಕೋಡ್) ಒಂದೊಂದು ಯುನಿಕೋಡ್ ಸಂಕೇತಕ್ಕೆ, ಅಂದರೆ ಅಕ್ಷರ, ಚಿಹ್ನೆಗಳ ಸಂಖ್ಯೆಗೆ, ಒಂದೊಂದು ಚಿತ್ರ ತಂದು ಸಾಲಾಗಿ ಇಡುತ್ತದೆ, ಅಷ್ಟೇ. ಲ, ಹಲಂತ, ಕ ಸೇರಿದಾಗ ಕ ಕೆಳಗಿಳಿದು ಒತ್ತಾಗಬೇಕು. ಆ ಜೋಡಣೆ ಅಲ್ಲಿ ನಡೆಯುತ್ತಲೇ ಇಲ್ಲ. ಹೆಸರುಗಳನ್ನು ಎಚ್‌ಟಿಎಂಎಲ್ ಮಾರ್ಕರ್ ಆಗಿ, ಅಂದರೆ ನಕ್ಷೆಯ ಮೇಲೆ ವೆಬ್ ಪುಟದ ಪಠ್ಯವಾಗಿಯೇ ಹಾಕಿ, ಬ್ರೌಸರೇ ಜೋಡಿಸಿಕೊಳ್ಳುತ್ತದೆ. ಇಲ್ಲವೇ ಸರ್ವರಿನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶದ ಮೂಲಕ ಹೆಸರು ಬರೆಸಿ, ರಾಸ್ಟರ್ ಟೈಲ್ (ನಕ್ಷೆಯ ಸಿದ್ಧ ಚಿತ್ರದ ತುಂಡು) ಕೊಡಿ. ಒಂದು ಜಿಲ್ಲೆಯ ಊರುಗಳಿಗೆ ಇದೇನೂ ಭಾರದ ಕೆಲಸವಲ್ಲ.

‘ಇಂಗ್ಲಿಷ್ ಒಂದೇ ಇರಲಿ, ಎಲ್ಲರೂ ಓದ್ತಾರೆ’ ಎಂಬ ಸಲಹೆ ಮತ್ತೆ ಕೊಡಬೇಡಿ. ನಮ್ಮ ಚಾಲಕರು ಓದುವುದು ಕನ್ನಡ. (ಉರ್ದು, ಮರಾಠಿ ಓದುವ ಗಿರಾಕಿಗಳೂ ನಮಗಿದ್ದಾರೆ. ಮೊದಲು ಇದಾಗಲಿ, ಅದನ್ನು ಆಮೇಲೆ ಮಾತಾಡೋಣ.)

ಇನ್ನು ಪಿನ್‌ಗಳು, ಅಂದರೆ ಸ್ಥಳ ತೋರಿಸುವ ಗುರುತುಗಳು. ಬಹಮನಿ ಸುಲ್ತಾನರ ಗೋರಿಗಳಿರುವುದು ಅಷ್ಟೂರಿನಲ್ಲಿ, ನಗರದ ಪೂರ್ವಕ್ಕೆ. ನಿಮ್ಮ ಪಿನ್ ಪಶ್ಚಿಮದ ಬರೀದಶಾಹಿ ಗೋರಿಗಳ ಮೇಲೆ ಕೂತಿದೆ. ಹೈದರಾಬಾದಿನಿಂದ ಬಂದ ಒಂದು ಕುಟುಂಬ ಅಲ್ಲಿ ಇಳಿದು, ಬೇರೆ ಕಡೆ ತಂದು ಬಿಟ್ಟಿರಿ ಎಂದು ಚಾಲಕನ ಮೇಲೆ ರೇಗಿತು, ಬಾಡಿಗೆ ಬಿಟ್ಟುಕೊಡಬೇಕಾಯಿತು. ನೌಬಾದಿನ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ಅಂತೂ ನಿಮ್ಮ ನಕ್ಷೆಯಲ್ಲಿ ಈ ದೇಶದಲ್ಲೇ ಇಲ್ಲ. ಸ್ಥಳಗಳನ್ನು ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು ಬರಬೇಕು, ಅಕ್ಷಾಂಶ ಆಮೇಲೆ. ನೀವು 17.9 ಮೊದಲು ಬರೆದು 77.5 ನಂತರ ಬರೆದಿದ್ದೀರಿ. ನಕ್ಷೆಯನ್ನು ಉತ್ತರಕ್ಕೆ ಎಳೆಯುತ್ತ ಹೋದರೆ ಆ ಪಿನ್ ನಾರ್ವೆಯ ಸ್ವಾಲ್‌ಬಾರ್ಡ್ ಹತ್ತಿರ ಸಿಗುತ್ತದೆ. ಅಲ್ಲಿಗೆ ನಮ್ಮ ಗಾಡಿ ಹೋಗುವುದಿಲ್ಲ.

ಕೆನೆ ಬಣ್ಣದ ಮೇಲೆ ತಿಳಿ ಬೂದು ಅಕ್ಷರವೂ ಬೇಡ. ಕೋಟೆಯ ಬಿಸಿಲಲ್ಲಿ ಮೊಬೈಲ್ ಹಿಡಿದರೆ ಏನೂ ಕಾಣದು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬುದು ವೆಬ್‌ನಲ್ಲಿ ಎಲ್ಲರೂ ಒಪ್ಪಿದ ಮಾನದಂಡ. ಮೂಲೆಯಲ್ಲಿದ್ದ, ನಕ್ಷೆಯ ಮಾಹಿತಿ ಕೊಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆಯ ಹೆಸರನ್ನೂ ಅಳಿಸಿದ್ದೀರಿ. ಅವರ ದತ್ತಾಂಶ ಬಳಸಿದ ಮೇಲೆ ಹೆಸರು ಹಾಕುವುದು ಲೈಸೆನ್ಸಿನ ಷರತ್ತು. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ನಾವು.

ದಸರಾ ರಜೆಯ ಬುಕಿಂಗ್ ಶುರುವಾಗುವ ಮುಂಚೆ ಇಷ್ಟೂ ಸರಿಯಾಗಬೇಕು. ಅಲ್ಲಿಯವರೆಗೆ ಕೊನೆಯ ಕಂತು ಕೊಡುವುದಿಲ್ಲ. ಆದ ಮೇಲೆ ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಕಳಿಸಿ. ಚಾಲಕರ ಫೋನಿನಲ್ಲೇ ತೆರೆದು ನೋಡಿ ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಾಲೀಕರು
ಬೀದರ್