ಕಾಟಿಯ ಕಥೆ ಮಕ್ಕಳ ಕೈಗೆ: ದೇಣಿಗೆ ಮನವಿ

ಆತ್ಮೀಯ ಊರವರೇ, ಹಳೆ ವಿದ್ಯಾರ್ಥಿಗಳೇ,

ನಮ್ಮ ಶಾಲೆಯ ಮಕ್ಕಳಿಗೆ ಕಾಟಿ, ಅಂದರೆ ಕಾಡುಕೋಣ, ಹೊಸದೇನಲ್ಲ. ರಾತ್ರಿ ತೋಟಕ್ಕೆ ನುಗ್ಗುತ್ತದೆ, ಬೇಲಿ ಮುರಿಯುತ್ತದೆ, ಗದ್ದೆ ತುಳಿಯುತ್ತದೆ. ಮನೆಯಲ್ಲಿ ಅದರ ಹೆಸರು ಬರುವುದೇ ಬೈಗುಳದ ಜೊತೆ! ಬೆಳೆ ಕಳೆದುಕೊಂಡವರ ಸಿಟ್ಟಿಗೆ ಕಾರಣ ಇದೆ. ಆದರೂ ಉಳಿದ ಕಥೆ ಮಕ್ಕಳಿಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ಶಿಕ್ಷಕರೂ ಶಾಲಾಭಿವೃದ್ಧಿ ಸಮಿತಿಯವರೂ ಸೇರಿ 32 ಪುಟದ ಬಣ್ಣದ ಪುಸ್ತಕ ಸಿದ್ಧಮಾಡಿದ್ದೇವೆ. ಅಚ್ಚು ಹಾಕಿಸಲು ನಿಮ್ಮ ನೆರವು ಬೇಕು.

ಬಲಿತ ಗಂಡು ಕಾಟಿ ಸಾವಿರ ಕಿಲೋ ತೂಗಬಲ್ಲದು. ಭುಜದ ಹತ್ತಿರ ಸುಮಾರು ಆರಡಿ ಎತ್ತರ. ಮಿರಿಮಿರಿ ಕಪ್ಪು ಮೈ, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ. ಕರು ಮಾತ್ರ ಹುಟ್ಟುವಾಗ ತಿಳಿ ಹೊಂಬಣ್ಣ. ಹಿಂಡನ್ನು ನಡೆಸುವುದು ಸಾಮಾನ್ಯವಾಗಿ ಹಿರಿಯ ಹೆಣ್ಣು. ಈ ಪುಟಕ್ಕೆ ನಮ್ಮ ಹುಡುಗಿಯರು ಚಪ್ಪಾಳೆ ಹೊಡೆದದ್ದು ಸುಮ್ನೆ ಅಲ್ಲ!

ಪುಸ್ತಕದಲ್ಲಿ ಜಾಸ್ತಿ ಜಾಗ ಕೊಟ್ಟಿರುವುದು 1968ರ ಕಥೆಗೆ. ಆ ವರ್ಷ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂತು. ದನಕರುಗಳಿಂದ ಕಾಡಿಗೆ ಹಬ್ಬುತ್ತಿದ್ದ ರೋಗ ಅದು. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ಕಾಟಿಗಳು ರಾಶಿರಾಶಿಯಾಗಿ ಸತ್ತವು. ಮುಂದೆ ಊರೂರು ತಿರುಗಿ ದನಗಳಿಗೆ ಲಸಿಕೆ ಹಾಕಿದರು. ಕೊನೆಗೆ 2011ರಲ್ಲಿ, ದೊಡ್ಡರೋಗ ಇಡೀ ಜಗತ್ತಿನಿಂದಲೇ ತೊಲಗಿತು ಎಂಬ ಘೋಷಣೆ ಬಂತು. ಕಾಟಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಹಟ್ಟಿಯ ದನಕ್ಕೆ ಚುಚ್ಚಿದ್ದೇ ಕಾಡಿನ ಕಾಟಿಯನ್ನೂ ಕಾಯಿತು. ಆದರೆ ಹೀಗೇ ದನದಿಂದ ಕಾಟಿಗೆ ಹಬ್ಬಬಲ್ಲ ಕಾಲುಬಾಯಿ ಜ್ವರ ಇನ್ನೂ ಇದೆ, ಅದಕ್ಕೂ ದನಗಳಿಗೆ ಲಸಿಕೆ ಹಾಕಿಸಬೇಕು. “ಲಸಿಕೆ ಬೇಡ, ಹಾಲು ಕಮ್ಮಿಯಾಗುತ್ತೆ” ಎನ್ನುವ ಅಪ್ಪಂದಿರು ಇನ್ನು ಮಕ್ಕಳಿಂದ ಬೈಸಿಕೊಳ್ಳಲಿ.

ಕಾಟಿ ಹೋದರೆ ಏನಾಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ನಾಗರಹೊಳೆಯಂಥ ಕಾಡಿನಲ್ಲಿ ಹುಲಿಗೆ ಅದು ದೊಡ್ಡ ಊಟ. ಅದರ ಸಗಣಿಯನ್ನು ಹುಳಗಳು ಮಣ್ಣಿಗೆ ಸೇರಿಸುತ್ತವೆ. ಹುಲ್ಲು, ಚಿಗುರು ಮೇಯುತ್ತಾ ಅದು ಕಾಡಿನ ಬಯಲುಗಳನ್ನು ಪೊದೆ ಮುಚ್ಚದಂತೆ ನೋಡಿಕೊಳ್ಳುತ್ತದೆ. ಇಷ್ಟನ್ನೂ ಚಿತ್ರದಲ್ಲೇ ಹೇಳಿದ್ದೇವೆ.

ಒಂದು ಪ್ರತಿಗೆ 80 ರೂಪಾಯಿ ಬೀಳುತ್ತದೆ. 500 ಪ್ರತಿಗೆ 40,000. ನಮ್ಮ ಮಕ್ಕಳಿಗೂ ಕಾಡಂಚಿನ ಅಕ್ಕಪಕ್ಕದ ಶಾಲೆಗಳಿಗೂ ಉಚಿತವಾಗಿ ಹಂಚುತ್ತೇವೆ. ಒಂದೇ ಪ್ರತಿಯ ಹಣ ಕೊಟ್ಟರೂ ಸಂತೋಷ. ಹಣವನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ದೂರದಲ್ಲಿರುವವರು ಶಾಲೆಯ ಹೆಸರಿಗೆ ಚೆಕ್ ಕಳಿಸಬಹುದು. ಜೂನ್‌ನಲ್ಲಿ ತರಗತಿ ಶುರುವಾಗುವಾಗ ಪುಸ್ತಕ ಕೈಯಲ್ಲಿರಬೇಕೆಂದು ನಮ್ಮ ಆಸೆ. ಹಾಗಾಗಿ ಮೇ ಮೊದಲ ವಾರದೊಳಗೆ ಹಣ ತಲುಪಿದರೆ ಅನುಕೂಲ.

ಇಂತಿ,
ಶಾಲಾಭಿವೃದ್ಧಿ ಸಮಿತಿ ಮತ್ತು ಶಿಕ್ಷಕ ವೃಂದ