ಕಲಾವಿದರಿಗೆ ಇಯರ್‌ಪ್ಲಗ್ ಕೊಡಿ, ಆದರೆ ಗಿರಣಿಯದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಗಣೇಶನ ಹಬ್ಬ ಬಂತೆಂದರೆ ನಿಮ್ಮ ಪತ್ರಿಕೆಗೆ ಡಿಜೆ ಹಾವಳಿ ಬಗ್ಗೆ ಪತ್ರಗಳು ಬರುತ್ತವೆ. ಬರಬೇಕಾದ್ದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವೇ ಹೇಳುತ್ತದೆ. ಆದರೆ ಆ ಪತ್ರಗಳೆಲ್ಲ ಮನೆಯಲ್ಲಿ ಮಲಗಿದವರ ಕಿವಿಯ ಬಗ್ಗೆ. ಸ್ಪೀಕರ್ ಪಕ್ಕದಲ್ಲೇ ಕೂತು ನುಡಿಸುವವರ ಕಿವಿಯ ಬಗ್ಗೆ ಯಾರೂ ಬರೆದದ್ದು ನಾನು ಕಾಣೆ.

ನಾನು ಮಂಡ್ಯ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುವವನು. ಹಗಲು ಮನೆಯವರದೇ ಆಲೆಮನೆ ಕೆಲಸ. ಅಲ್ಲಿ ಗಾಣದ ಸದ್ದು, ಇಲ್ಲಿ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಸಿಂಬಲ್ ಸದ್ದು. ಒಂದು ದುಡಿಮೆ, ಇನ್ನೊಂದು ಕಲೆ ಎಂದು ಕಿವಿ ಬೇರೆ ಮಾಡಿ ನೋಡುವುದಿಲ್ಲ. ಎರಡೂ ಸೇರಿಯೇ ದಿನದ ಲೆಕ್ಕ.

ಈಚೆಗೆ ನಮ್ಮ ಭಾಗದ ಒಂದು ಕಾರ್ಯಕ್ರಮದಲ್ಲಿ ಆಯೋಜಕರು ಕಲಾವಿದರಿಗೆಲ್ಲ ಫೋಮಿನ ಇಯರ್‌ಪ್ಲಗ್ ಹಂಚಿದರು. ಒಳ್ಳೆಯ ಮನಸ್ಸಿನಿಂದಲೇ ಹಂಚಿದರು. ಎರಡನೇ ಹಾಡು ಮುಗಿಯುವಷ್ಟರಲ್ಲಿ ಹೆಚ್ಚಿನವರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. "ಶ್ರುತಿನೇ ಕೇಳಲ್ಲ, ಹೇಗಣ್ಣ ನುಡಿಸೋದು?" ಅಂದ ಕೀಬೋರ್ಡ್ ಹುಡುಗ. ಅವನು ಹೇಳಿದ್ದು ಸರಿ. ಆಮೇಲೆ ಆಯೋಜಕರೊಬ್ಬರು, "ಇವರಿಗೆ ಏನು ಕೊಟ್ಟರೂ ಅಷ್ಟೇ" ಎಂದು ಗೊಣಗಿದರು. ಅದು ಸರಿಯಲ್ಲ. ಅದಕ್ಕೇ ಈ ಪತ್ರ.

ಫೋಮ್ ಪ್ಲಗ್ ಕೆಟ್ಟದ್ದೇನಲ್ಲ. ಆಲೆಮನೆಯಲ್ಲಿ ನಾನು ಅದನ್ನೇ ಹಾಕಿಕೊಳ್ಳುತ್ತೇನೆ. ಗಾಣದ ಸದ್ದು ಸೊಗಸಾಗಿ ಕೇಳಬೇಕೆಂಬ ಆಸೆ ಯಾರಿಗೂ ಇಲ್ಲ. ಸಂಗೀತಕ್ಕೆ ಅದು ಒಗ್ಗದಿರುವುದಕ್ಕೆ ಕಾರಣ ಬೇರೆ. ಫೋಮ್ ಎಲ್ಲ ಸ್ವರವನ್ನೂ ಒಂದೇ ಅಳತೆಯಲ್ಲಿ ಇಳಿಸುವುದಿಲ್ಲ. ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತದೆ, ಬೇಸ್ ಅನ್ನು ಅಷ್ಟಾಗಿ ಇಳಿಸುವುದಿಲ್ಲ. ಹೈಹ್ಯಾಟ್‌ನ ಚುರುಕು ಹೋಗುತ್ತದೆ. ಹಾಡುವವರ ಮಾತು ಕಂಬಳಿ ಮುಸುಕಿನೊಳಗಿಂದ ಬಂದಂತೆ ಕೇಳುತ್ತದೆ. ಆಗ ಡ್ರಮ್ಸ್‌ನವನು ಏನು ಮಾಡುತ್ತಾನೆ? ಇನ್ನೂ ಜೋರಾಗಿ ಬಾರಿಸುತ್ತಾನೆ. ಗಾಯಕರು ಮಾನಿಟರ್ (ಕಲಾವಿದರಿಗೇ ಕೇಳಲೆಂದು ಸ್ಟೇಜಿನಲ್ಲಿಡುವ ಸ್ಪೀಕರ್) ಏರಿಸಿ ಎಂದು ಸೌಂಡ್‌ನವರಿಗೆ ಕೈಸನ್ನೆ ಮಾಡುತ್ತಾರೆ.

ಹಾಗಾದರೆ ಸ್ಟೇಜಿನಲ್ಲಿ ಎಷ್ಟು ಇಳಿದರೆ ಸಾಕು? ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ನಮ್ಮ ಆರ್ಕೆಸ್ಟ್ರಾ ಶುರುವಾದರೆ 3 ಗಂಟೆಗೆ ಕಮ್ಮಿ ಇಲ್ಲ. ಈಗ 15 ಡೆಸಿಬಲ್ ಇಳಿಸುವ ಪ್ಲಗ್ ಹಾಕಿ ನೋಡಿ. 100 ಇದ್ದದ್ದು 85 ಆಯಿತು. 15 ನಿಮಿಷ ಇದ್ದದ್ದು 8 ಗಂಟೆ ಆಯಿತು. ಅಷ್ಟು ಸಾಕಲ್ವಾ? ಆದರೆ ಅಂಗಡಿಯಲ್ಲಿ ಡಬ್ಬದ ಮೇಲೆ, ಎಷ್ಟು ಡೆಸಿಬಲ್ ಇಳಿಸುತ್ತದೆ ಎಂದು ಹೇಳುವ ಎನ್‌ಆರ್‌ಆರ್ 33 ಎಂದಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು ಎಂದು ನಂಬಿ ಖರೀದಿಸುವವರೇ ಜಾಸ್ತಿ. ಆ ನಂಬರ್ ಪ್ರಯೋಗಾಲಯದ್ದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯವರು ಅದರಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿ ನೋಡಿ ಎನ್ನುತ್ತಾರೆ. 33 ಎಂದಿದ್ದದ್ದು 13ಕ್ಕೆ ಬಂತು. ಫೋಮನ್ನು ಪೂರ್ತಿ ಒಳಗೆ ಹಾಕಿದರೆ ಅದಕ್ಕಿಂತ ಜಾಸ್ತಿ ತಡೆದು ಸಂಗೀತಕ್ಕೆ ಅತಿಯಾಗುತ್ತದೆ. ಅರ್ಧಂಬರ್ಧ ಹಾಕಿದರೆ ಎಷ್ಟು ತಡೆಯಿತು ಎಂಬುದೇ ಗೊತ್ತಾಗುವುದಿಲ್ಲ. ಇನ್ನು ಹತ್ತಿ ಇಟ್ಟುಕೊಳ್ಳುವವರಿಗೆ ಏನು ಹೇಳಲಿ. ಹತ್ತಿ ತಡೆಯುವುದು ತೀರಾ ಕಡಿಮೆ. ಕಿವಿ ಮುಚ್ಚಿದೆ ಎಂಬ ಧೈರ್ಯ ಮಾತ್ರ ಬರುತ್ತದೆ.

ಸಂಗೀತದವರಿಗೆಂದೇ ಮಾಡಿದ ಪ್ಲಗ್ ಹೊಸದೇನಲ್ಲ. 1988ರಲ್ಲೇ ಅಮೆರಿಕದ ಎಟಿಮೋಟಿಕ್ ರಿಸರ್ಚ್‌ನ ಮೀಡ್ ಕಿಲಿಯನ್ ಅವರು ಇಆರ್-15 ಎಂಬುದನ್ನು ತಂದರು. ಅದರೊಳಗೊಂದು ಸಣ್ಣ ಫಿಲ್ಟರ್ ಇದೆ. ಬೇಸ್, ನಡುವಿನ ಸ್ವರ, ಮೇಲಿನ ಸ್ವರ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ಸುಮಾರು 15 ಡೆಸಿಬಲ್ ಇಳಿಸುತ್ತದೆ. ಹಾಡು ಹಾಡಾಗಿಯೇ ಕೇಳುತ್ತದೆ, ಸಣ್ಣದಾಗಿ ಕೇಳುತ್ತದೆ ಅಷ್ಟೇ. 9 ಮತ್ತು 25 ಡೆಸಿಬಲ್‌ನ ಫಿಲ್ಟರ್‌ಗಳೂ ಇವೆ. ಸ್ನೇರ್, ಸಿಂಬಲ್ ಕಿವಿಯ ಹತ್ತಿರವೇ ಇರುವ ನನ್ನಂಥವರಿಗೆ 25. ಕೀಬೋರ್ಡ್, ಗಿಟಾರ್‌ಗೆ 15. ಅಕ್ಕಪಕ್ಕ ಜೋರು ವಾದ್ಯ ಇಲ್ಲದ ಪಿಟೀಲಿನವರಿಗೆ 9 ಕೂಡ ಸಾಕಾಗಬಹುದು.

ಇದರಲ್ಲಿ ಎರಡು ಬಗೆ. ಮೂರು ಪದರದ ಮೆತ್ತನೆ ಸಿಲಿಕಾನ್ ತುದಿ ಇರುವ ರೆಡಿಮೇಡ್ ಒಂದು. ನಮ್ಮ ಕಿವಿಯದೇ ಅಚ್ಚು ತೆಗೆದು ಮಾಡಿಸುವುದು ಇನ್ನೊಂದು. ರೆಡಿಮೇಡ್‌ನಲ್ಲಿ ಬೇರೆ ಬೇರೆ ಅಳತೆ ಇರುತ್ತದೆ, ಎಡಕಿವಿಗೂ ಬಲಕಿವಿಗೂ ಬೇರೆ ಅಳತೆ ಹಿಡಿಸುವುದೂ ಉಂಟು. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಹಾಕಬೇಕು. ಕೂತಿದೆಯೋ ಇಲ್ಲವೋ ನೋಡಲು ಸುಲಭ ಉಪಾಯವಿದೆ. ಸದ್ದಿನ ಮಧ್ಯೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಿರಿ. ದೊಡ್ಡ ವ್ಯತ್ಯಾಸ ಗೊತ್ತಾದರೆ ಪ್ಲಗ್ ಸರಿಯಾಗಿ ಕೂತಿಲ್ಲ. ಕಿವಿ ಸೋರುತ್ತಿದ್ದರೆ ಹಾಕಲೇಬಾರದು. ಗುಗ್ಗೆ ಕಟ್ಟಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಹಾಡುವವರ ಮತ್ತು ವಾಲಗದವರ ತೊಂದರೆಯೇ ಬೇರೆ. ಕಿವಿ ಮುಚ್ಚಿದ ಕೂಡಲೇ ಅವರ ದನಿ, ಅವರ ನಾದಸ್ವರವೇ ತಲೆಯೊಳಗೆ ಗುಂಯ್ ಎಂದು ತುಂಬಿಕೊಳ್ಳುತ್ತದೆ. ಪ್ಲಗ್ ಮೇಲೆ ಮೇಲೆ ಕೂತಷ್ಟೂ ಈ ಕಾಟ ಹೆಚ್ಚು. ಕಿವಿ ನಾಳದ ಎರಡನೇ ತಿರುವು ದಾಟುವಷ್ಟು ಆಳಕ್ಕೆ ಕೂರುವ ಅಚ್ಚಿನ ಪ್ಲಗ್‌ನಲ್ಲಿ ಅದು ಕಡಿಮೆ. ಬಾಯಿ ತೆರೆದಾಗ ದವಡೆಯ ಜೊತೆ ಕಿವಿ ನಾಳದ ಆಕಾರವೂ ಬದಲಾಗುತ್ತದೆ. ಹಾಗಾಗಿ ಇವರ ಅಚ್ಚನ್ನು ಬಾಯಿ ತೆರೆಸಿಯೇ ತೆಗೆಯಬೇಕು. ಅಚ್ಚು ತೆಗೆಯುವವರು ಕೇಳದಿದ್ದರೂ ನೀವೇ ಹೇಳಿ.

ಒಂದೇ ಕಿವಿಗೆ ಇನ್-ಇಯರ್ (ಕಿವಿಯೊಳಗೇ ಕೂರುವ ಪುಟ್ಟ ಮಾನಿಟರ್) ಹಾಕಿಕೊಂಡು ಇನ್ನೊಂದನ್ನು ತೂಗಾಡಿಸುವುದು ಈಗ ಸ್ಟೈಲ್ ಆಗಿದೆ. ಒಂದೇ ಕಿವಿಯಲ್ಲಿ ಕೇಳಿದರೆ ಸದ್ದು ಸಾಲದು ಅನ್ನಿಸುತ್ತದೆ, ಏರಿಸುತ್ತಾರೆ. ಆ ಕಡೆ ತೆರೆದ ಕಿವಿಗೆ ನನ್ನ ಸಿಂಬಲ್.

"ಪ್ರೋಗ್ರಾಮ್ ಮುಗಿದ ಮೇಲೆ ಕಿವಿ ಗುಂಯ್ ಅನ್ನುತ್ತೆ, ಬೆಳಿಗ್ಗೆಗೆ ಸರಿಹೋಗುತ್ತೆ" ಎಂದು ನಮ್ಮವರು ಸಲೀಸಾಗಿ ಹೇಳುತ್ತಾರೆ. ಒಂದೊಂದು ಕಿವಿಯೊಳಗೆ ಶಬ್ದ ಹಿಡಿಯುವ ಕೂದಲು ಕೋಶಗಳು ಇರುವುದೇ ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು 4,000 ಹರ್ಟ್ಸ್ ಸುತ್ತಮುತ್ತಲಿನ ಮೇಲಿನ ಸ್ವರಗಳಿಗೆ. ಮಾತಿನ ಸಣ್ಣ ಸದ್ದಿನ ಅಕ್ಷರಗಳು ತಪ್ಪಿಹೋಗಲು ಶುರುವಾಗುತ್ತವೆ. ಮನೆಯವರು ಮಾತಾಡಿದ್ದು ಕೇಳುತ್ತದೆ, ಏನೆಂದರು ಎಂಬುದು ತಿಳಿಯುವುದಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲೇ ಹಿರಿಯರೊಬ್ಬರು ಈಗ ಎಲ್ಲದಕ್ಕೂ ತಲೆ ಆಡಿಸಿ ನಗುತ್ತಾರೆ.

ಲಂಡನ್ನಿನಲ್ಲಿ ಇದು ಕೋರ್ಟಿಗೇ ಹೋಗಿದೆ. ರಾಯಲ್ ಒಪೆರಾ ಹೌಸ್‌ನ ವಯೋಲಾ ವಾದಕ ಕ್ರಿಸ್ಟೋಫರ್ ಗೋಲ್ಡ್‌ಶೈಡರ್ ಅವರಿಗೆ 2012ರ ತಾಲೀಮೊಂದರಲ್ಲಿ ಹಿಂದೆ ಕೂತಿದ್ದ ಹಿತ್ತಾಳೆ ವಾದ್ಯಗಳ ಸದ್ದಿನಿಂದ ಕಿವಿಗೆ ಪೆಟ್ಟಾಯಿತು. ಸಂಗೀತ ಎಂದ ಮೇಲೆ ಸದ್ದು ಇದ್ದದ್ದೇ ಎಂಬ ವಾದವನ್ನು ಹೈಕೋರ್ಟ್ ಒಪ್ಪಲಿಲ್ಲ. 2018ರಲ್ಲಿ ತೀರ್ಪು ಅವರ ಕಡೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಕಾರ್ಯಕ್ರಮದ ಜಾಗಗಳಿಗೆ ಒಂದು ಮಿತಿ ಹೇಳಿದೆ. 15 ನಿಮಿಷದ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು, ಕೇಳಲು ಬಂದವರಿಗೂ ಇಯರ್‌ಪ್ಲಗ್ ಸಿಗುವಂತಿರಬೇಕು.

ನಮ್ಮಲ್ಲಿ ನೋಡಿ. ಮೈಸೂರು ದಸರಾಕ್ಕೆ ಮುಂಚೆ ಆನೆ, ಕುದುರೆಗಳು ಬೆಚ್ಚದಿರಲಿ ಎಂದು ಫಿರಂಗಿ ಸದ್ದಿನ ತಾಲೀಮು ಮಾಡಿಸುತ್ತಾರೆ. ಜಂಬೂಸವಾರಿಯ ದಿನದ 21 ಕುಶಾಲತೋಪಿಗೆ ಅಷ್ಟು ಮುತುವರ್ಜಿ. ಒಳ್ಳೆಯದೇ. ಅದೇ ಮೆರವಣಿಗೆಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ತಮಟೆ, ನಗಾರಿ, ಡೊಳ್ಳು ಬಾರಿಸುತ್ತಾ ಹೋಗುವವರ ಕಿವಿಯನ್ನು ಯಾರಾದರೂ ವಿಚಾರಿಸಿದ್ದಾರಾ? ನಮಗಾದರೆ ಹಾಡಿನ ನಡುವೆ ನಿರೂಪಕರ ಮಾತಿನಷ್ಟಾದರೂ ಬಿಡುವು ಸಿಗುತ್ತದೆ. ಅವರಿಗೆ ಅದೂ ಇಲ್ಲ. ಮುಂದೊಂದು ತಂಡ, ಹಿಂದೊಂದು ತಂಡ. ಅವರಿಗೂ ಫೋಮ್ ಆಗದು. ನಡೆ ಬದಲಾಯಿಸುವಾಗ ತಂಡದ ಮುಖ್ಯಸ್ಥ ಕೊಡುವ ಪೆಟ್ಟು ಸ್ಪಷ್ಟವಾಗಿ ಕೇಳಬೇಕು. ಫಿಲ್ಟರ್ ಇರುವ ಪ್ಲಗ್, ಕುತ್ತಿಗೆಗೆ ಹಾಕಿಕೊಳ್ಳುವ ದಾರ ಕಟ್ಟಿದ್ದು, ಅವರಿಗೆ ಬೇಕಾದ್ದು ಅದು. ಕುಣಿಯುವಾಗ ಬಿದ್ದರೆ ಕಳೆಯಬಾರದು ನೋಡಿ.

ಬೆಲೆಯ ಮಾತು ಬಂದೇ ಬರುತ್ತದೆ. ಫೋಮ್‌ಗಿಂತ ಫಿಲ್ಟರ್ ಪ್ಲಗ್ ದುಬಾರಿ, ಅಚ್ಚಿನದು ಇನ್ನೂ ದುಬಾರಿ. ಆದರೆ ಒಂದು ಒಳ್ಳೆಯ ಸಿಂಬಲ್‌ಗೆ ನಾವು ಸುರಿಯುವ ಹಣದ ಮುಂದೆ ರೆಡಿಮೇಡ್ ಜೋಡಿ ಏನೇನೂ ಅಲ್ಲ. ತೊಳೆದು ಡಬ್ಬಿಯಲ್ಲಿಟ್ಟರೆ ಬಾಳಿಕೆಯೂ ಬರುತ್ತದೆ. ಆರ್ಕೆಸ್ಟ್ರಾದವರು ಹೇಗೋ ಕೊಂಡೇವು. ದಿನಗೂಲಿಯ ನಡುವೆ ತಮಟೆ ಹಿಡಿಯುವವರು ಕೊಳ್ಳಲಾರರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣ ಸಾಧನಗಳಿಗೆ ಕಿವಿಯ ಅಚ್ಚು ತೆಗೆದು ಕೊಡುವ ಕೆಲಸ ಅಲ್ಲಿ ನಡೆಯುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ದಸರಾ ಸಮಿತಿಯವರು ಆ ಸಂಸ್ಥೆಯ ಜೊತೆ ಕೂತು ಮಾತಾಡಲಿ. ಮೈಸೂರು, ಮಂಡ್ಯದ ಕಲಾತಂಡಗಳಿಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಆಗಲಿ. ಮೆರವಣಿಗೆಗೆ ಆಯ್ಕೆಯಾದ ತಂಡಗಳಿಗೆ ಫಿಲ್ಟರ್ ಇರುವ ಪ್ಲಗ್ ಕೊಡಲಿ. ಜೊತೆಗೆ, ಹಾಕಿಕೊಳ್ಳುವುದು ಹೇಗೆಂದು ಒಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಕೈ ಹಿಡಿದು ತೋರಿಸಲಿ. ಪ್ಲಗ್ ಹಾಕಿಕೊಂಡು ನುಡಿಸುವುದಕ್ಕೂ ರೂಢಿ ಬೇಕು. ಆದ್ದರಿಂದ ಕಾರ್ಯಕ್ರಮದ ದಿನ ಬಂದು ಹಂಚುವುದು ಬೇಡ, ತಾಲೀಮು ಶುರುವಾಗುವ ಮೊದಲೇ ಕೈಗೆ ಸಿಗಲಿ.

ಇಂತಿ,
ಆರ್ಕೆಸ್ಟ್ರಾ ಡ್ರಮ್ಸ್ ವಾದಕ, ಮಂಡ್ಯ